ಫೋನುಮನೆಯ ಕರಿಕಲ್ಲು

ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ ಇಟ್ಟ ಮೇಲೆ, ಪಕ್ಕದಲ್ಲಿ ಕೂತ ಕಿವಿ ಕೇಳದವರಿಗೆ ಸಿಗುವ ಪ್ರಸಾದ ಒಂದೇ: "ಏನಿಲ್ಲ, ಎಲ್ಲಾ ಚೆನ್ನಾಗಿದಾರಂತೆ." ಮಾತಾಡುವಾಗ ಈ ಕಿವಿ ಕೇಳುವವರು ಹುಬ್ಬು ಗಂಟಿಕ್ಕಿರುತ್ತಾರೆ, ನಕ್ಕಿರುತ್ತಾರೆ, ನಡುವೆ ಒಂದು ಸಲ ಹಣೆಯನ್ನೂ ಚಚ್ಚಿಕೊಂಡಿರುತ್ತಾರೆ. ಏನಂತೆ ಅಂದರೆ ಏನಿಲ್ಲ. ಏನೂ ಇಲ್ಲದ್ದಕ್ಕೆ ಅರ್ಧ ಗಂಟೆ ಹಿಡಿಯಿತೇ ಅಂತ ಕೇಳಿದರೆ ನಾವೇ ಜಗಳಗಂಟರು. ಹಾಗಾಗಿ ನಾವು ಕೇಳುವುದನ್ನೇ ಬಿಟ್ಟಿದ್ದೆವು. ನಾವು ಅಂದರೆ ನಮ್ಮೂರಿನ ಕಿವುಡರು. ಆ ಪದಕ್ಕೆ ನನಗೇನೂ ಬೇಜಾರಿಲ್ಲ, ಎದುರಿಗೇ ಅಂದರೆ.

ನನ್ನ ಹೆಸರು ದಾಕ್ಷಾಯಿಣಿ. ಸೀರೆಗೆ ಫಾಲ್ಸ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ. ನಮ್ಮ ಯಜಮಾನರು ಚೆನ್ನವೀರಯ್ಯ, ಊರಿನ ಹಿಟ್ಟಿನ ಗಿರಣಿ ಅವರದು. ಮಗಳು ಪಾರಿಜಾತ ಹುಟ್ಟಿದ ಮೇಲೆ ನನ್ನ ಕಿವಿ ಮೆಲ್ಲಮೆಲ್ಲನೆ ಮಂದವಾಗುತ್ತಾ ಹೋಗಿ, ಅವಳು ತೊದಲು ಕಲಿಯುವ ಹೊತ್ತಿಗೆ ಪೂರ್ತಿ ಮುಚ್ಚಿಕೊಂಡಿತು. ಆದರೆ ನನ್ನ ಬಾಯಿ ಎಲ್ಲೂ ಹೋಗಲಿಲ್ಲ, ಅದು ಮೊದಲಿನಷ್ಟೇ ಚುರುಕು. ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಗಿರಣಿಯಲ್ಲೇ ಕಲಿತೆ. ಯಂತ್ರ ಓಡುವಾಗ ಅಲ್ಲಿ ಯಾರಿಗೂ ಏನೂ ಕೇಳುವುದಿಲ್ಲವಲ್ಲ, ಜೋಳ ತಂದವರು, ರಾಗಿ ತಂದವರು ಎಲ್ಲರೂ ಬಾಯಿ ದೊಡ್ಡದು ಮಾಡಿ ತುಟಿಯಲ್ಲೇ ವ್ಯವಹಾರ ಮುಗಿಸುತ್ತಾರೆ. ಗಿರಣಿಯೊಳಗೆ ನಾನು ಎಲ್ಲರ ಸಮ. ತೊಂದರೆಯೆಲ್ಲ ಫೋನಿನದು. ಫೋನಿಗೆ ತುಟಿ ಇಲ್ಲ.

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ನಕ್ಷೆಯಲ್ಲಿ ಇಲ್ಲದ ಊರಿಗೆ ಕಾಗದ ಹಾಕುವುದು ಹೇಗೆ ಅಂತ ಅಂಚೆಯವರು ಕೈಬಿಟ್ಟು ಎಷ್ಟೋ ಕಾಲವಾಯಿತು. ಫೋನಿನ ತಂತಿ ಹೇಗೋ ದಾರಿ ಹುಡುಕಿಕೊಂಡು ಬಂತು, ದಿನಕ್ಕೊಂದು ಬಸ್ಸೂ ಡ್ರೈವರಿನ ನೆನಪಿನ ಮೇಲೆ ಬರುತ್ತದೆ. ಹಾಗಾಗಿ ಹೊರಗಿನವರ ಜೊತೆ ಏನಿದ್ದರೂ ಫೋನಿನಲ್ಲೇ. ಪಾರಿಯನ್ನು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರದ ಊರಿಗೆ ಕೊಟ್ಟ ಮೇಲೆ ವಾರಕ್ಕೊಮ್ಮೆ ಅವಳ ಫೋನು ಗಿರಣಿಗೆ ಬರುತ್ತಿತ್ತು. ಯಜಮಾನರು ಚಕ್ರದ ಬೆಲ್ಟು ಬಿಚ್ಚಿ ಯಂತ್ರ ನಿಲ್ಲಿಸಿ, ಆ ಕಡೆ ತಿರುಗಿ ಮಾತಾಡಿ, ಆಮೇಲೆ ಈ ಕಡೆ ತಿರುಗಿ ನನಗೆ ದಾಟಿಸುತ್ತಿದ್ದರು. ಬಾಣಂತನ ಮುಗಿಸಿಕೊಂಡು ಪಾರಿ ಮಗುವಿನೊಂದಿಗೆ ಗಂಡನ ಮನೆಗೆ ಹೋದ ಮೇಲೆ ದಾಟಿಸುವುದು ಇನ್ನೂ ಚಿಕ್ಕದಾಯಿತು. "ಏನಿಲ್ಲ, ಇವಳು ಮಾಡೋ ಸಾರು ಅತ್ತೆಗೆ ಹಿಡಿಸ್ತಿಲ್ವಂತೆ, ನೀನೇ ಒಂದ್ಮಾತು ಹೇಳು" ಅನ್ನುವರು. ನಾನು ಫೋನು ಹಿಡಿದು ನಗುತ್ತಾ ಹೇಳುವೆ: "ಹೊಂದ್ಕೊಂಡು ಹೋಗು ಕಣೆ ಪಾರಿ. ನಾನೂ ಮೊದಮೊದಲು ಹಿಂಗೇ ಒದ್ದಾಡಿದೋಳು. ಆಮೇಲೆ ಎಲ್ಲಾ ಅಭ್ಯಾಸ ಆಗುತ್ತೆ." ಅವಳ ಉತ್ತರ ನನಗೆ ಕೇಳದು. ನನ್ನ ಪಾಡಿಗೆ ನಾನು ಹಪ್ಪಳದ ಮಾತು, ಹೂವಿನ ಗಿಡದ ಮಾತು ಆಡಿ, ಮಗುವಿಗೊಂದು ಮುತ್ತು ಕೊಟ್ಟು ಇಡುತ್ತಿದ್ದೆ.

ಇನ್ನು ಕಲ್ಲಿನ ವಿಷಯ. ಬಸ್ಸು ನಿಲ್ಲುವ ಕಡೆ ಬೂಬಮ್ಮನ ಫೋನುಮನೆ ಇದೆ, ಮನೆಯಲ್ಲಿ ಫೋನಿಲ್ಲದವರೆಲ್ಲ ಅಲ್ಲಿಗೇ ಹೋಗುವುದು. ಅಲ್ಲಿ ಫೋನನ್ನು ಇಟ್ಟಿದ್ದು ಒಂದು ಕರಿಕಲ್ಲಿನ ಚಪ್ಪಡಿಯ ಮೇಲೆ. ಒಂದು ದಿನ ನಮ್ಮ ಪೈಕಿಯ ಕೆಂಚಜ್ಜ ತನ್ನ ತಮ್ಮನಿಗೆ ಫೋನು ಮಾಡಿಸಿಕೊಂಡು, ಕೇಳದಿದ್ದರೂ ಸುಮ್ಮನೆ ಕಿವಿಗೆ ಹಿಡಿದು ಕೂತಿದ್ದ. ಬೂಬಮ್ಮ ಧೂಳು ಅಂತ ಒದ್ದೆ ಬಟ್ಟೆಯಿಂದ ಕಲ್ಲನ್ನು ಒರೆಸಿದಳು. ಒರೆಸಿದ ಕಡೆಯೆಲ್ಲ ಬಿಳಿ ಅಕ್ಷರ ಎದ್ದವು. ತಮ್ಮ ಆ ಕಡೆಯಿಂದ ಏನು ಮಾತಾಡುತ್ತಿದ್ದನೋ ಅದೇ, ಅಕ್ಷರ ಅಕ್ಷರ. ಕಲ್ಲು ಆರಿದರೆ ಮಾತೂ ಆರಿಹೋಗುತ್ತದೆ, ಮತ್ತೆ ಒರೆಸಿದರೆ ಮುಂದಿನ ಮಾತು. ಕಿವಿ ಕೇಳದವರ ಕೈಯಲ್ಲಿ ಫೋನಿದ್ದರೆ ಮಾತ್ರ ಹೀಗೆ. ಕೇಳುವವರು ಎಷ್ಟು ತಿಕ್ಕಿದರೂ ಅದು ಬರೀ ಕಲ್ಲು.

ಇದೆಲ್ಲ ಸಂತೋಷದ ಸಂಗತಿ ಅಂತ ನೀವು ತಿಳಿಯಬಹುದು. ಊರು ಬೆಚ್ಚಿಬಿತ್ತು. ಯಾಕೆಂದರೆ ನಮ್ಮ ಜನಕ್ಕೆ ಒಂದು ಅಭ್ಯಾಸ ಉಂಟು: ಫೋನಿನ ಬಾಯಿಗೆ ಅಂಗೈ ಮುಚ್ಚಿ ಪಕ್ಕದವರಿಗೆ ನಿಜ ಹೇಳುವುದು, ಅಂಗೈ ತೆಗೆದು ಫೋನಿಗೆ ಸಿಹಿ ಹೇಳುವುದು. ಕಿವಿಗೆ ಅಂಗೈ ಅಡ್ಡ ಬರುತ್ತದೆ, ಕಲ್ಲಿಗೆ ಬರುವುದಿಲ್ಲ. ಕೆಂಚಜ್ಜನ ತಮ್ಮ ಅಂಗೈ ಮುಚ್ಚಿ ಹೆಂಡತಿಗೆ "ಈ ಮುದುಕಂದು ಇದ್ದದ್ದೇ ರಗಳೆ, ನೀನು ಅನ್ನ ಹಾಕು" ಅಂದದ್ದು ಕಲ್ಲಿನ ಮೇಲೆ ದೀಪದಂತೆ ಬೆಳಗಿತು. ಅಜ್ಜ ಫೋನು ಇಡದೆ, "ಉಣ್ಣಪ್ಪ ಉಣ್ಣು, ಆರಿಹೋದೀತು" ಅಂದ. ಆ ಕಡೆಯವನಿಗೆ ಆವತ್ತು ಅನ್ನ ಇಳಿಯಿತೋ ಇಲ್ಲವೋ ಗೊತ್ತಿಲ್ಲ. ಸಂಬಂಧ ಕುದುರಿಸುವವರು ಆ ಕಡೆಯವರ ನಿಜ ತಿಳಿಯಲು ಕಿವುಡ ನೆಂಟರನ್ನು ಹುಡುಕಿಕೊಂಡು ಬರತೊಡಗಿದರು. ನಮ್ಮನ್ನು ಹತ್ತಿರವೇ ಸೇರಿಸದವರು ಕಾಫಿ ಕೊಟ್ಟು ಕೂರಿಸಿ, "ಅಕ್ಕಾ, ಒಂದು ಗಳಿಗೆ ಫೋನು ಹಿಡ್ಕೊಳ್ಳಿ" ಅನ್ನತೊಡಗಿದರು.

ಹೀಗಾದ ಮೇಲೆ ದೊಡ್ಡವರು ಸುಮ್ಮನಿರುತ್ತಾರೆಯೇ? ಊರಿನ ಮಾನ ಬೀದಿಗೆ ಬರುತ್ತಿದೆ ಅಂತ ಸಭೆ ಸೇರಿ ಫೋನುಮನೆಯ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದರು. ಕಿವಿ ಕೇಳದವರು ತಮ್ಮ ಮನೆಯ ಕೇಳುವವರೊಬ್ಬರನ್ನು ಜೊತೆಗೆ ಕರೆತಂದರೆ ಮಾತ್ರ ಕಲ್ಲು ಕೊಡತಕ್ಕದ್ದು. ಅಂದರೆ ಯಾರ ಬಾಯಿಂದ ಬಿಡಿಸಿಕೊಳ್ಳಲು ನಾವು ಕಲ್ಲಿಗೆ ಹೋಗುತ್ತಿದ್ದೆವೋ ಅವರೇ ನಮ್ಮನ್ನು ಕೈಹಿಡಿದು ಕರೆತರಬೇಕು. ಬೂಬಮ್ಮ ಆ ಬೋರ್ಡಿನ ಮೇಲೆ ಕೊಡೆ ನೇತುಹಾಕುತ್ತಿದ್ದಳು, ಆದರೂ ನಿಯಮ ಮೀರಲು ಅವಳಿಗೆ ಧೈರ್ಯವಿರಲಿಲ್ಲ.

ನನಗೆ ಬೇಕಾದದ್ದು ಒಂದೇ. ಪಾರಿಯ ಮಾತನ್ನು ಪಾರಿಯ ಮಾತಾಗಿಯೇ ಒಂದು ಸಲ ಪಡೆಯಬೇಕು. ಅವಳ ತೊದಲೂ ನನಗೆ ದಕ್ಕಿರಲಿಲ್ಲ. ಯಜಮಾನರನ್ನು ಕೇಳಿದೆ. ಈ ವಾರ ಗಿರಾಕಿ ಜಾಸ್ತಿ ಅಂದರು. ಮುಂದಿನ ವಾರ ಬೀಸುಕಲ್ಲು ಸವೆದಿದೆ, ಮುಳ್ಳು ಹೊಡೆಸಬೇಕು ಅಂದರು. ಕಡೆಗೆ, "ಅದೆಲ್ಲ ಬೂಬಮ್ಮನ ಕಣ್ಕಟ್ಟು ಕಣೆ" ಅಂದರು. ಮನುಷ್ಯ ಸೋಮಾರಿ ಅಂದುಕೊಂಡೆ. ಬೇರೇನಾದರೂ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ, ಅಷ್ಟು ವರ್ಷ ಒಟ್ಟಿಗೆ ಬಾಳಿದ ಮೇಲೂ.

ಆವತ್ತು ಬೆಳಿಗ್ಗೆಯೇ ಕರೆಂಟು ಹೋಯಿತು. ಗಿರಣಿ ನಿಂತಿತು. ಇವರು ಮೈಮೇಲಿನ ಹಿಟ್ಟನ್ನೂ ಕೊಡವದೆ ಮೂಟೆಗೆ ಒರಗಿ ಕೂತಿದ್ದರು. "ಏಳಿ" ಅಂದೆ. ನೆಪ ಹುಡುಕುವಷ್ಟರಲ್ಲಿ ರಟ್ಟೆ ಹಿಡಿದು ಎಬ್ಬಿಸಿದೆ. ದಾರಿಯುದ್ದಕ್ಕೂ ಇವರು ಏನೋ ಹೇಳುತ್ತಿದ್ದರು, ನಾನು ತುಟಿಯ ಕಡೆ ನೋಡಲೇ ಇಲ್ಲ. ಕಿವಿ ಹೋದವರಿಗೆ ಇರುವ ಒಂದೇ ಅನುಕೂಲ ಅದು.

ಫೋನುಮನೆಯಲ್ಲಿ ನಂಬರು ತಿರುಗಿಸಿದವರು ಇವರೇ. "ಮೊದ್ಲು ನಾನು ಮಾತಾಡಿ ಕೊಡ್ತೀನಿ" ಅಂದರು. ಬೂಬಮ್ಮ ಒದ್ದೆ ಬಟ್ಟೆಯನ್ನು ನನ್ನ ಕೈಗಿಟ್ಟು, ಇವರು ಹಲೋ ಅಂದದ್ದೇ ತಡ, ಫೋನು ಕಿತ್ತು ನನ್ನ ಕಿವಿಗೆ ಹಿಡಿಸಿದಳು. ಕಲ್ಲು ಒರೆಸಿದೆ. ಎಡಗಡೆಯಿಂದ ಅಕ್ಷರಗಳು ಎದ್ದುಬಂದವು, ಈಗ ತಾನೇ ಯಾರೋ ಸುಣ್ಣದಲ್ಲಿ ಬರೆದಂತೆ.

"ಹಲೋ. ಮಾವ, ನಾನೇ, ಮಹಾಲಿಂಗ. ಏನು ಇವತ್ತು? ಅತ್ತೆ ಪಕ್ಕದಲ್ಲಿದಾರಾ? ಅವರಿಗೆ ನೀವಿನ್ನೂ ಹೇಳಿಲ್ಲ ತಾನೇ?"

ಮಹಾಲಿಂಗ ನಮ್ಮ ಅಳಿಯ. ತಿರುಗಿ ಇವರ ಮುಖ ನೋಡಿದೆ. ಇವರು ಕಲ್ಲನ್ನು ನೋಡುತ್ತಿದ್ದರು. ವಾರ ವಾರ ಹೇಳುವ ಹಾಗೆಯೇ, "ನಾನು ಕಣಪ್ಪ, ನಿಮ್ಮತ್ತೆ. ಪಾರಿಗೆ ಕೊಡಿ" ಅಂದೆ. ಕಲ್ಲು ಮತ್ತೆ ಬರೆಯಿತು.

"ತಗೋ, ನಿಮ್ಮಮ್ಮ. ನಿಮ್ಮಮ್ಮ ಅಂದೆ. ಅಮ್ಮ, ಅಮ್ಮ. ಅಯ್ಯೋ, ಎಷ್ಟು ಸಲ ಕಿರುಚಲಿ ಈ ಕಿವೀಲಿ."

ನಾನು ಅದನ್ನು ಓದಿದೆ. ಆರುವ ಮೊದಲು ಇನ್ನೊಮ್ಮೆ ಓದಿದೆ. ಯಾರ ಕಿವಿಯಲ್ಲಿ, ಯಾಕೆ ಕಿರುಚಬೇಕು? ಬೆರಳಿನಿಂದ ಆ ಅಕ್ಷರಗಳನ್ನು ಮುಟ್ಟಿಯೂ ನೋಡಿದೆ, ತಣ್ಣಗಿದ್ದವು. ಅಷ್ಟರಲ್ಲಿ ಕಲ್ಲಿನ ಮೇಲೆ ನನ್ನ ಮಗಳು ಬಂದಳು.

"ಅಮ್ಮ, ಮಾತಾಡು. ನಂಗೆ ಏನೂ ತಿಳಿಯಲ್ಲ, ಆದ್ರೂ ಮಾತಾಡು, ಸ್ವಲ್ಪ ಗುಂಯ್ ಅನ್ನುತ್ತೆ, ಅದು ನೀನು ಅಂತ ಅಂದ್ಕೋತೀನಿ. ಹೋದ ವರ್ಷ ಇನ್ನೂ ಅರ್ಧಂಬರ್ಧ ಕೇಳ್ತಿತ್ತು. ನಂಗೂ ನಿನ್ ಥರಾನೇ ಕಿವಿ ಹೋಗ್ತಿದೆ ಅಂತ ಹೇಳಿದಾಗ ನೀನು ನಕ್ಕೆ. ನಾನೂ ಒದ್ದಾಡಿದೋಳು, ಅಭ್ಯಾಸ ಆಗುತ್ತೆ ಅಂದೆ. ಆ ನಗು ಇನ್ನೂ ನನ್ ಕಿವೀಲಿದೆ, ಅಮ್ಮ. ಯಾಕೆ ನಕ್ಕೆ?"

ಬಟ್ಟೆ ಹಿಡಿದ ಕೈ ಕಲ್ಲಿನ ಮೇಲೇ ಉಳಿದುಬಿಟ್ಟಿತ್ತು. ಬೂಬಮ್ಮ ಆ ಕೈಯನ್ನು ಹಿಡಿದು ತಾನೇ ಒರೆಸಿದಳು, ಮಾತು ಆರಿಹೋಗುತ್ತಿದೆ ಅಂತ. ಸಾರು ಹಿಡಿಸದ ಅತ್ತೆಯ ಕಥೆಗೆ ನಾನು ನಕ್ಕಿದ್ದೆ. ನನ್ನ ಮಗಳು ಕಿವಿ ಹೋಗುತ್ತಿದೆ ಅಂತ ಅತ್ತದ್ದಕ್ಕೆ ಆ ನಗು ಹೋಗಿ ತಲುಪಿತ್ತು. ಬಾಣಂತನದಲ್ಲಿ ಅಷ್ಟು ತಿಂಗಳು ಕಣ್ಣೆದುರಿಗೇ ಇದ್ದಳು, ಯಾರೋ ಕರೆದು ಅವಳು ತಿರುಗದಿದ್ದರೆ, ಆ ಕರೆಯೇ ಕೇಳದ ನನಗೆ ಹೇಗೆ ತಿಳಿಯಬೇಕು?

"ನಾಳೆ ಮಧ್ಯಾಹ್ನ ನಾದಿನಿ ಬಂದು ಪಾಪೂನ ಕರ್ಕೊಂಡ್ ಹೋಗ್ತಾಳೆ, ಅಮ್ಮ. ಅವಳ ಮನೇಲೇ ಬೆಳೀಲಿ ಅಂತ. ಪಾಪು ಅತ್ರೆ ನಂಗೆ ಕೇಳಲ್ವಂತೆ. ನಿಜ, ಕೇಳಲ್ಲ. ಆದ್ರೆ ನೀನು ನನ್ನ ಹೆಂಗೆ ಸಾಕಿದೆ? ಅದೊಂದು ಹೇಳು ಅಂತ ಅಪ್ಪನ್ನ ಎಷ್ಟು ಸಲ ಕೇಳಿದೆ. ಇವರು ಅಪ್ಪನ ಹತ್ರ ಕೇಳಿ ನಂಗೆ ಹೇಳಿದ್ರು, ನಿಮ್ಮಮ್ಮಂಗೆ ಅದೆಲ್ಲ ನೆನಪಿಲ್ವಂತೆ ಅಂತ."

ನೆನಪಿಲ್ಲವೇ? ಮಲಗಿದಾಗ ಅವಳ ಎದೆಯ ಮೇಲೆ ಅಂಗೈ ಇಡುತ್ತಿದ್ದೆ, ಅಳು ಬಾಯಿಗೆ ಬರುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ. ಒಲೆಯ ಹಿಂದಿನ ಗೋಡೆಗೆ ಕನ್ನಡಿ ಕಟ್ಟಿದ್ದೆ, ಬೆನ್ನ ಹಿಂದೆ ಅಂಬೆಗಾಲಿಟ್ಟು ಬಂದರೂ ಕಾಣಬೇಕು. ತೊಟ್ಟಿಲಿನ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಫಾಲ್ಸ್ ಹಾಕುತ್ತಿದ್ದೆ. ಇದನ್ನೆಲ್ಲ ಈ ಮನುಷ್ಯ ದಿನಾ ನೋಡಿದ್ದರು. ಕನ್ನಡಿಗೆ ಮೊಳೆ ಹೊಡೆದುಕೊಟ್ಟವರೇ ಇವರು.

"ಪಾರಿ, ನಾನು ಬರ್ತೀನಿ" ಅಂದೆ. ಕಿರುಚಿರಬೇಕು, ಬೂಬಮ್ಮ ಬೆಚ್ಚಿ ಹಿಂದೆ ಸರಿದಳು. "ಮಗೂನ ಯಾರ ಕೈಗೂ ಕೊಡಬೇಡ. ಈಗಲೇ ಹೊರಟೆ. ಸಾಕೋದು ಹೆಂಗೆ ಅಂತ ನಾನು ಬಂದು ತೋರಿಸ್ತೀನಿ."

"ಏನೋ ಜೋರಾಗಿ ಅಂತಿದೀಯ. ತಿಳೀಲಿಲ್ಲ ಅಮ್ಮ. ತಗೊಳ್ರೀ, ಅಮ್ಮ ಏನಂತಾರೆ ಕೇಳಿ ಹೇಳ್ರೀ."

ಫೋನು ಅಳಿಯನ ಕೈಗೆ ಹೋಗಿರಬೇಕು. ನಾನು ಅದನ್ನೇ ಇನ್ನೊಂದು ಸಲ, ಬಿಡಿಬಿಡಿಯಾಗಿ ಹೇಳಿದೆ. ಬರ್ತೀನಿ. ಮಗೂನ ಕೊಡಬೇಡ. ಈಗಲೇ ಹೊರಟೆ. ಹೇಳಿ ಕಲ್ಲು ಒರೆಸಿದೆ.

"ನಿಮ್ಮಮ್ಮ ಹುಷಾರಾಗಿದಾರಂತೆ. ಸಂಡಿಗೆ ಮಾಡಿದಾರಂತೆ, ಬಸ್ಸಲ್ಲಿ ಕಳಿಸ್ತಾರಂತೆ. ಹೂಂ, ಸಂಡಿಗೆ, ಸಂಡಿಗೆ."

ಬೂಬಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಅಂಗೈ ಮುಚ್ಚಿ ಆಡಿದ ಮಾತುಗಳನ್ನು ಆ ಕಲ್ಲಿನ ಮೇಲೆ ಅವಳು ಎಷ್ಟೋ ನೋಡಿದ್ದಳು, ಇಂಥದ್ದನ್ನು ನೋಡಿರಲಿಲ್ಲ. ನನ್ನ ಕಣ್ಣೆದುರಿಗೇ ಅಳಿಯ, ನನ್ನ ಬಾಯಿಂದ ಹೋದ ಮಾತನ್ನು ದಾರಿಯಲ್ಲೇ ಕೊಂದು, ಅದರ ಜಾಗದಲ್ಲಿ ಸಂಡಿಗೆ ಇಟ್ಟಿದ್ದ. ಇಷ್ಟು ದಿನ ಎರಡು ತುದಿಯಲ್ಲೂ ಹೀಗೇ ನಡೆದಿತ್ತು. ಈ ತುದಿಯಲ್ಲಿ ನನಗೆ ಇವರು, ಆ ತುದಿಯಲ್ಲಿ ಅವಳಿಗೆ ಅವನು. ನಡುವೆ ಇಬ್ಬರು ಗಂಡಸರು ಆರಾಮವಾಗಿ ಮಾತಾಡಿಕೊಂಡಿದ್ದರು.

"ಅಳಿಯಂದ್ರೇ," ಅಂದೆ, "ಸಂಡಿಗೆ ಮಾತು ನಾನು ಎತ್ತಲೇ ಇಲ್ವಲ್ಲ."

ಒರೆಸಿದೆ, ಬರೀ ಕಪ್ಪು. ಮತ್ತೆ ಒರೆಸಿದೆ.

"ಅತ್ತೆ, ನಿಮಗೆ ಕೇಳಿಸ್ತಾ?"

"ಕೇಳಿಸ್ತಪ್ಪ."

"ಮಾವಂಗೆ ಕೊಡಿ."

"ಅವರು ಇಲ್ಲೇ ಇದಾರೆ. ಅವರಿಗೆ ಇವತ್ತು ಮಾತು ಬರ್ತಿಲ್ಲ. ನೀವೇ ಹೇಳಿ."

"ನಾವೇನು ಕೆಟ್ಟದ್ದು ಮಾಡ್ತಿಲ್ಲ ಅತ್ತೆ. ಮೊನ್ನೆ ಪಾಪು ಬಚ್ಚಲಲ್ಲಿ ಜಾರಿಬಿದ್ದು ಎಷ್ಟು ಹೊತ್ತು ಅತ್ತಿತ್ತೋ, ಇವಳು ಇಲ್ಲಿ ಪಾತ್ರೆ ತೊಳೀತಿದ್ಲು. ತಂಗಿ ಮನೇಲಾದ್ರೆ ಭಯ ಇಲ್ಲ. ಮಾವನೂ ಅದೇ ಸರಿ ಅಂದ್ರು. ಅವರು ಒಪ್ಪಿದ ಮೇಲೇ ತಂಗಿಗೆ ಬಾ ಅಂದಿದ್ದು."

ಅಲ್ಲಿಯವರೆಗೆ ನಾನು ನಿಂತೇ ಇದ್ದೆ. ಅದನ್ನು ಓದಿದ ಮೇಲೆ ಬೆಂಚು ಎಲ್ಲಿದೆ ಅಂತ ಕೈಯಿಂದ ತಡವಿ ಕೂತೆ. ಇವರು ಮಾತು ನುಂಗಿದ್ದು ಸರಿ, ಹೆದರಿಕೆ ಅನ್ನೋಣ. ಮೊಮ್ಮಗುವನ್ನು ಕೊಟ್ಟುಬಿಡಿ ಅಂತ ಒಪ್ಪಿಗೆ ಕೊಟ್ಟಿದ್ದರು. ನನ್ನ ಪಕ್ಕದಲ್ಲಿ ಕೂತು ಉಂಡು, ಫಾಲ್ಸಿನ ಸೂಜಿಗೆ ದಾರ ಪೋಣಿಸಿಕೊಟ್ಟು, ಆ ಒಪ್ಪಿಗೆ ಕೊಟ್ಟಿದ್ದರು.

"ಪಾರೀನ ಸಾಕಿದ್ದು ಯಾರು, ರೀ?" ಅಂತ ಕೇಳಿದೆ.

ಅವರು ಮುಖ ಎತ್ತಿದರು. ಹಿಟ್ಟಿನ ಮುಖದ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು. ತುಟಿ ಅದುರುತ್ತಿದ್ದರಿಂದ ಓದುವುದು ಕಷ್ಟವಾಯಿತು. "ನೀನು ಪಟ್ಟ ಪಾಡು ನೋಡಿದ್ದೆ, ದಾಕ್ಷಿ. ಅವಳಿಗೂ ಅದು ಬೇಡ ಅಂತ. ನಿಂಗೆ ಹೇಳಿದ್ರೆ ನಿನ್ನಿಂದ ಬಂತು ಅಂತ ಕೊರಗ್ತಿದ್ದೆ."

"ಪಾಡು ನನ್ನದು" ಅಂದೆ. "ನಾನು ಯಾವತ್ತಾದ್ರೂ ಬೇಡ ಅಂದಿದ್ನಾ?"

ನಾನು ಫೋನಿಗೆ ಹೇಳಿದೆ: "ಅಳಿಯಂದ್ರೇ, ಅವಳ ಕೈಗೆ ಫೋನು ಕೊಡಿ. ನಾನು ಹೊರಟಿದೀನಿ ಅಂತ ಹೇಳಿ. ಹೇಳೋಕೆ ಆಗದಿದ್ರೆ ಬರೆದು ತೋರಿಸಿ. ನೀವು ಏನು ಹೇಳ್ತೀರೋ ಅದು ನನಗೆ ಇಲ್ಲಿ ಗೊತ್ತಾಗುತ್ತೆ."

ಒರೆಸಿದೆ. ಏನೂ ಇಲ್ಲ. ಬಟ್ಟೆಯನ್ನು ಹಿಂಡಿ ಮತ್ತೆ ಒರೆಸಿದೆ. ಅವನು ಹೇಳಲಿಲ್ಲ. ಬರೆದನೋ, ಸುಮ್ಮನೆ ಫೋನು ಅವಳ ಕೈಗಿಟ್ಟು ಎದ್ದುಹೋದನೋ ಕಲ್ಲಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಮಾತು ಮಾತ್ರ ಗೊತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ಸಾಲು ಎದ್ದಿತು.

"ಅಮ್ಮ, ಇದೀಯಾ?"

"ಇದೀನಿ" ಅಂದೆ.

"ಅಮ್ಮ, ಇದೀಯಾ? ಇವರು ಮುಖ ಸಪ್ಪಗೆ ಮಾಡ್ಕೊಂಡು ಹೊರಗೆ ಹೋದ್ರು. ನೀನು ಇಟ್ಬಿಟ್ಟೆಯೋ ಏನೋ. ಇದ್ರೂ ಇಲ್ದಿದ್ರೂ ಹೇಳ್ತೀನಿ. ಪಾಪು ನನ್ ತೊಡೆ ಮೇಲಿದೆ. ಅದು ಅಮ್ಮ ಅನ್ನೋಕೆ ಕಲ್ತಿದೆಯಂತೆ, ಎಲ್ರೂ ಹೇಳ್ತಾರೆ. ನಾನು ಬಾಯಿ ನೋಡ್ತಾ ಕೂತಿರ್ತೀನಿ."

ನನಗೆ ಆಮೇಲಿನದು ಸರಿಯಾಗಿ ಕಾಣಲಿಲ್ಲ. ಕಲ್ಲು ಆರಿದ್ದಕ್ಕೋ, ಕಣ್ಣು ತುಂಬಿದ್ದಕ್ಕೋ ಗೊತ್ತಿಲ್ಲ. ಬೂಬಮ್ಮ ನನ್ನ ಭುಜ ತಟ್ಟಿ ಹೊರಗೆ ಕೈ ತೋರಿಸಿದಳು. ಬಸ್ಸು ಬಂದು ನಿಂತಿತ್ತು. ಅದು ಹೋದರೆ ಇನ್ನು ನಾಳೆಯೇ, ಅಷ್ಟರಲ್ಲಿ ನಾದಿನಿ ಬಂದು ಮಗುವನ್ನು ಎತ್ತಿಕೊಂಡು ಹೋಗಿರುತ್ತಾಳೆ. ಉಟ್ಟ ಸೀರೆಯಲ್ಲೇ ಎದ್ದೆ. ಫೋನು ಇಡಲು ಮನಸ್ಸಾಗಲಿಲ್ಲ. ಅವಳು ಆ ಕಡೆ ಇನ್ನೂ ಮಾತಾಡುತ್ತಿದ್ದಳು.

ಇವರ ಕೈ ಹಿಡಿದು ಫೋನನ್ನು ಅದರಲ್ಲಿ ಇಟ್ಟೆ. "ಇಡಬೇಡಿ" ಅಂದೆ. "ನಿಮಗೆ ಕಿವಿ ಇದೆಯಲ್ಲ, ಪೂರ್ತಿ ಕೇಳಿ." ನನ್ನ ಬೆರಳು ಬಿಟ್ಟ ಗಳಿಗೆಯಲ್ಲೇ ಕಲ್ಲಿನ ಮೇಲಿದ್ದ ಅಕ್ಷರ ಅಳಿಸಿಹೋಯಿತು. ಅದು ಮತ್ತೆ ಬರೀ ಕಲ್ಲಾಯಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಲ್ಲಿಂದ ಫೋನುಮನೆಯ ಬಾಗಿಲು ನೇರವಾಗಿ ಕಾಣುತ್ತಿತ್ತು. ಇವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಗಿರಣಿಯಲ್ಲಿ ಯಂತ್ರ ಓಡುವಾಗ ಮಾತಾಡುತ್ತಾರಲ್ಲ, ಹಾಗೆ ಬಾಯಿ ದೊಡ್ಡದು ಮಾಡಿ, ಕುತ್ತಿಗೆಯ ನರ ಉಬ್ಬುವಂತೆ ಕೂಗುತ್ತಿದ್ದರು. ಬೀದಿಯ ಜನ ನಿಂತು ನೋಡುತ್ತಿದ್ದರು. "ಬರ್ತಿದಾಳೆ ಕಣಮ್ಮ" ಅನ್ನುತ್ತಿದ್ದರು, "ನಿಮ್ಮಮ್ಮ ಬರ್ತಿದಾಳೆ, ಮಗೂನ ಕೊಡಬೇಡ." ಒಂದು ಮಾತೂ ಬಿಟ್ಟಿರಲಿಲ್ಲ. ಆ ಕಡೆ ಹಿಡಿದವಳಿಗೆ ಅದು ಗುಂಯ್ ಅಂದಿರಬಹುದು, ಅಷ್ಟೇ. ಬಸ್ಸು ತಿರುವಿನಲ್ಲಿ ಹೊರಳುವವರೆಗೂ ಅವರು ಅದನ್ನೇ ಹೇಳುತ್ತಿದ್ದರು.